‘ಹಿಮಾಲಯದ ಗುರುಗಳ ಆಜ್ಞೆ’ ಎಂದು ಪತ್ರ ಬಂದರೆ

ನಿವೃತ್ತಿಯ ನಂತರ ನಮ್ಮ ತಂದೆಯವರು ಬೆಂಗಳೂರಿನ ಒಂದು ಧ್ಯಾನಕೇಂದ್ರಕ್ಕೆ ಹೋಗತೊಡಗಿದರು. ಅಲ್ಲಿನ ಸಂಚಾಲಕರು ತಾವು ಗುರುವೇ ಅಲ್ಲ, ಹಿಮಾಲಯದಲ್ಲಿ ಅದೃಶ್ಯರಾಗಿರುವ ಸಿದ್ಧಪುರುಷರ ಮಾತನ್ನು ತಲುಪಿಸುವವರು ಮಾತ್ರ ಎಂದು ಹೇಳಿಕೊಳ್ಳುತ್ತಿದ್ದರು. ಅಪಾಯ ಇರುವುದು ಈ ವಿನಯದಲ್ಲಿಯೇ.

ಊರಿನ ನಿವೇಶನ ಮಾರಿದ ಸಂಗತಿಯನ್ನು ತಂದೆಯವರು ಹೊರಗಿನವರ ಪೈಕಿ ಸಂಚಾಲಕರಿಗೆ ಮಾತ್ರ ತಿಳಿಸಿದ್ದರು. ಮುಂದಿನ ಹುಣ್ಣಿಮೆಯ ಸತ್ಸಂಗದಲ್ಲಿ ದೀಪದ ಬುಡದಲ್ಲಿ ಅವರ ಹೆಸರಿನ, ಕುಂಕುಮ ಹಚ್ಚಿದ ಲಕೋಟೆಯೊಂದು ಸಿಕ್ಕಿತು. ಭೂಮಿಯಿಂದ ಬಂದ ಹಣದಲ್ಲಿ ಮೂರು ಲಕ್ಷ ರೂಪಾಯಿ ಆಶ್ರಮದ ಜಮೀನಿಗೆ ಸಲ್ಲಬೇಕು, ಎರಡು ಕಂತುಗಳಲ್ಲಿ ನಗದಾಗಿಯೇ ಕೊಡಬೇಕು, ಮನೆಯವರಿಗೆ ಹೇಳಬಾರದು, ಓದಿದೊಡನೆ ಪತ್ರವನ್ನು ಸುಡಬೇಕು ಎಂದು ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತಂತೆ. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಸಿದ್ಧಪುರುಷರಿಗೆ ಅದೂ ತಿಳಿದಿತ್ತೆಂದು ಕಾಣುತ್ತದೆ. ಹಣ ಹೋಯಿತು, ಜಮೀನು ಬರಲಿಲ್ಲ. ರಸೀದಿ ಕೇಳಲು ಹೋದ ನನಗೆ ಸಂಚಾಲಕರು, “ಆಜ್ಞೆ ನನ್ನದಲ್ಲವಲ್ಲ, ಗುರುಗಳನ್ನೇ ಕೇಳಿಕೊಳ್ಳಿ” ಎಂದು ಕೈಮುಗಿದರು.

ಈ ಬಗೆಯ ಉತ್ತರಕ್ಕೆ ಹಳೆಯ ಇತಿಹಾಸವಿದೆ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 1882ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಥಿಯಾಸಫಿಕಲ್ ಸೊಸೈಟಿ ಎಂಬ ಆಧ್ಯಾತ್ಮಿಕ ಸಂಸ್ಥೆಯಲ್ಲಿ, ಅದರ ಸಂಸ್ಥಾಪಕರಲ್ಲೊಬ್ಬರಾದ ಮೇಡಂ ಬ್ಲಾವಟ್ಸ್ಕಿಯವರ ಮೂಲಕ, ಹಿಮಾಲಯದ ಕಡೆ ಇದ್ದಾರೆನ್ನಲಾದ ಮೋರ್ಯ, ಕೂಟ್ ಹೂಮಿ ಎಂಬ ಮಹಾತ್ಮರ ಪತ್ರಗಳು ಬರುತ್ತಿದ್ದವು. ಇಂಥ ಪತ್ರಗಳನ್ನು ಪಡೆಯುತ್ತಿದ್ದ ಆಂಗ್ಲ ಪತ್ರಕರ್ತ ಸಿನ್ನೆಟ್ 1881ರಲ್ಲಿ ಪ್ರಕಟಿಸಿದ ಅಂಥ ಒಂದು ಪತ್ರದಲ್ಲಿ ತಮ್ಮ 1880ರ ಭಾಷಣದ ಸಾಲುಗಳೇ ಇವೆಯೆಂದು ಅಮೆರಿಕದ ಹೆನ್ರಿ ಕಿಡ್ಲ್ 1883ರಲ್ಲಿ ತೋರಿಸಿಕೊಟ್ಟಾಗ, ಬರೆದುಕೊಂಡ ಶಿಷ್ಯನಿಂದ ಪ್ರಮಾದವಾಯಿತೆಂಬ ಸಮಜಾಯಿಷಿ ಮಹಾತ್ಮರ ಹೆಸರಿನಲ್ಲಿಯೇ ಬಂದಿತು. ಪತ್ರಗಳೆಲ್ಲ ಕೃತಕವೆಂದು ಸಾರಿದ, ಅತೀಂದ್ರಿಯ ಸಂಗತಿಗಳ ತನಿಖೆ ಮಾಡುವ ಲಂಡನ್ನಿನ ಸಂಘವೊಂದರ 1885ರ ಹಾಡ್ಜ್‌ಸನ್ ವರದಿಯನ್ನು 1986ರಲ್ಲಿ ನಕಲಿ ದಾಖಲೆಗಳ ತಜ್ಞ ವರ್ನನ್ ಹ್ಯಾರಿಸನ್ ಕಟುವಾಗಿ ವಿಮರ್ಶಿಸಿದ್ದರಿಂದ ಆ ವಾದದಲ್ಲಿ ನಾನು ತೀರ್ಪು ಕೊಡಲಾರೆ. ಆದರೆ ಆಜ್ಞೆ ಕೊಡುವವರು ಕಾಣುವುದಿಲ್ಲ, ಕಾಣುವವರು ಹೊಣೆ ಹೊರುವುದಿಲ್ಲ ಎಂಬ ಏರ್ಪಾಡು ಎರಡೂ ಕಡೆ ಒಂದೇ. ಸಂದೇಶ ತಪ್ಪಾದರೆ ತಪ್ಪು ಶಿಷ್ಯನದು. ಹಣ ಕೇಳಿದರೆ ಮಾತ್ರ ಅದು ಗುರುವಿನದು.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಪತ್ರ ಸುಟ್ಟುಹೋಗಿರುವುದರಿಂದ ತೋರಿಸಲು ನಮ್ಮಲ್ಲಿ ಬ್ಯಾಂಕಿನಿಂದ ಹಣ ತೆಗೆದ ದಾಖಲೆ ಬಿಟ್ಟು ಬೇರೇನೂ ಇಲ್ಲ. ನಿಮ್ಮ ಹಿರಿಯರ ಕೈಗೆ ಇಂಥ ಲಕೋಟೆ ಬಂದರೆ ಮೊದಲು ಅದರ ಫೋಟೋ ತೆಗೆದಿಡಿ, ಟ್ರಸ್ಟಿನ ಹೆಸರಿಗೆ ಚೆಕ್ಕನ್ನೇ ಕೊಡುವುದಾಗಿ ತಿಳಿಸಿ, ಮನೆಯವರೊಬ್ಬರು ಜೊತೆಗೆ ಹೋಗಿ.