ಸ್ಕೂಲ್ ಟಾಯ್ಲೆಟ್‌ಗೆ ಬೀಗ ಇರೋ ಸ್ಟೀಲ್ ಸೋಪ್ ಡಿಸ್ಪೆನ್ಸರ್: ಒಂದು ವರ್ಷ ಬಳಸಿದ ಮೇಲೆ

ಸ್ಕೂಲಿನ ಟಾಯ್ಲೆಟ್ ಮೇಂಟೆನೆನ್ಸ್ ನನ್ನ ತಲೆ ಮೇಲಿದೆ, ಅದಕ್ಕೇ ಬರೀತಿದೀನಿ, ಕೊಳ್ಳೋ ಮುಂಚೆ ಯಾರಾದ್ರೂ ಇದನ್ನ ನನಗೆ ಹೇಳಿದ್ರೆ ಎಷ್ಟೋ ಉಪಕಾರ ಆಗಿರೋದು. ಗೋಡೆಗೆ ಹಾಕೋ ಬೀಗದ ಸ್ಟೀಲ್ ಸೋಪ್ ಡಿಸ್ಪೆನ್ಸರ್, ಒತ್ತಿದ್ರೆ ನೀರು ಬಂದು ತಾನೇ ನಿಲ್ಲೋ ನಲ್ಲಿ, ಸೆಕ್ಯೂರಿಟಿ ಸ್ಕ್ರೂ, ಮೂರನ್ನೂ ಒಟ್ಟಿಗೆ ತಗೊಂಡ್ವಿ.

ಮೊದಲು ಇದ್ದಿದ್ದು ಪ್ಲಾಸ್ಟಿಕ್ ಡಿಸ್ಪೆನ್ಸರ್. ಹಾಕಿ ಎರಡು ವಾರ ಆಗಿಲ್ಲ, ಹೋಗಿ ನೋಡಿದ್ರೆ ಟೈಲ್ಸ್ ಮೇಲೆ ನಾಲ್ಕು ತೂತು, ಸುತ್ತ ಸೋಪ್ ಒಣಗಿ ಬೆಳ್ಳಗಾದ ಗುರುತು ಅಷ್ಟೇ ಉಳಿದಿತ್ತು. ಪಕ್ಕದಲ್ಲೇ ಒಂದು ಪುಟ್ಟ ಹುಡುಗಿ ಬರೀ ನೀರಲ್ಲಿ ಕೈ ತೊಳ್ಕೊಂಡು, ಮೂಸಿ ನೋಡಿ, ಮತ್ತೆ ತೊಳೀತಿದ್ಲು. ಕಿತ್ತವರು ಯಾರೋ, ಕಷ್ಟ ಯಾರಿಗೋ. ಇದು ನಮ್ಮಲ್ಲಿ ಮಾತ್ರ ಅಲ್ಲ ಬಿಡಿ, 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಕೂಲ್‌ಗಳಲ್ಲಿ ಮಕ್ಕಳು ಸೋಪ್ ಡಿಸ್ಪೆನ್ಸರ್ ಕಿತ್ಕೊಂಡು ಹೋಗಿ ಟಿಕ್‌ಟಾಕ್‌ನಲ್ಲಿ ವಿಡಿಯೋ ಹಾಕೋ ಹುಚ್ಚು ಹಬ್ಬಿ, ಕೊನೆಗೆ ಟಿಕ್‌ಟಾಕೇ ಅಂಥ ವಿಡಿಯೋ ತೆಗೆಯಬೇಕಾಯ್ತು.

ಈಗ ಸ್ಟೀಲ್ ಡಬ್ಬದ ವಿಷಯ. ಡಬ್ಬ ಗಟ್ಟಿ ಇದೆ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಮೊದಲನೇ ಸಲ ಅದೂ ಕಿತ್ತು ಬಂತು. ಯಾಕಂದ್ರೆ ಹಾಕಿದವರು ಹಳೇ ತೂತಿಗೇ, ಸ್ಕ್ರೂ ಹಿಡಿದುಕೊಳ್ಳೋಕೆ ಹಾಕೋ ಅದೇ ಪ್ಲಾಸ್ಟಿಕ್ ಪ್ಲಗ್ ತುರುಕಿ ಸ್ಕ್ರೂ ತಿರುಗಿಸಿ ಹೋಗಿದ್ರು, ಒಬ್ಬ ಹುಡುಗ ಜೋತು ಬಿದ್ದ ಅಷ್ಟೇ, ಡಬ್ಬಕ್ಕೆ ಒಂದು ಗೀರೂ ಇಲ್ಲ, ಗೋಡೆ ಮಾತ್ರ ಉದುರಿತ್ತು. ಎಲ್ಲರೂ ಬೀಗ ನೋಡ್ತಾರೆ, ನೋಡಬೇಕಿರೋದು ಡಬ್ಬದ ಹಿಂದೆ ಗೋಡೇಲಿರೋ ಹಿಡಿತ. ಆಮೇಲೆ ಜಾಗ ಬದಲಾಯಿಸಿ, ಇಟ್ಟಿಗೆ ಗಟ್ಟಿ ಇರೋ ಕಡೆ ಕಬ್ಬಿಣದ ಆಂಕರ್ ಬೋಲ್ಟ್ (ಬಿಗಿದಾಗ ಗೋಡೆ ಒಳಗೆ ಅಗಲವಾಗಿ ಕಚ್ಚಿಕೊಳ್ಳೋ ಬೋಲ್ಟ್) ಹಾಕಿಸಿದ್ವಿ, ಇವತ್ತಿಗೂ ಅಲ್ಲಾಡಿಲ್ಲ. ಈ ಮಾಡೆಲ್‌ನಲ್ಲಿ ಬೋಲ್ಟ್ ಡಬ್ಬದ ಒಳಗಡೆ ಬರುತ್ತೆ, ಬೀಗ ತೆಗೀದೆ ಮುಟ್ಟಕ್ಕಾಗಲ್ಲ, ನನಗೆ ತುಂಬಾ ಹಿಡಿಸಿದ್ದು ಅದೇ.

ಹಿಡಿಸದೇ ಇದ್ದಿದ್ದು ಕೀ. ಎಲ್ಲಾ ಡಬ್ಬಕ್ಕೂ ಒಂದೇ ಕೀ, ಅದೂ ಪ್ಲಾಸ್ಟಿಕ್. ಒಂದು ಕಳೆದ್ರೆ ಎಲ್ಲಾ ಕಳೆದ ಹಾಗೆ, ದಯವಿಟ್ಟು ಗೋಡೆ ಮೊಳೆಗೆ ನೇತು ಹಾಕಬೇಡಿ.

ಸ್ಟೀಲ್ ಕೊಳ್ಳುವಾಗ ಬಿಲ್‌ನಲ್ಲಿ 304 ಗ್ರೇಡ್ ಅಂತ ಬರೆಸಿಕೊಳ್ಳಿ, ಅದು ತುಕ್ಕು ತಡೆಯೋ ಸ್ಟೀಲ್. 202 ಗ್ರೇಡ್ ಅಗ್ಗ, ಆದ್ರೆ ಟಾಯ್ಲೆಟ್ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತೆ. ಅಯಸ್ಕಾಂತ ಹಿಡಿದು ನೋಡಿದ್ರೆ ಗೊತ್ತಾಗುತ್ತೆ ಅಂತಾರಲ್ಲ, ಅದನ್ನ ನಂಬಬೇಡಿ, ಎರಡಕ್ಕೂ ಸರಿಯಾಗಿ ಅಂಟಲ್ಲ.

ಸೆಕ್ಯೂರಿಟಿ ಸ್ಕ್ರೂ ಅಂದ್ರೆ ತಲೆಯಲ್ಲಿ ನಕ್ಷತ್ರದ ಆಕಾರದ ತಗ್ಗು, ನಡುವೆ ಒಂದು ಸಣ್ಣ ಕಡ್ಡಿ, ಮಾಮೂಲಿ ಸ್ಕ್ರೂಡ್ರೈವರ್ ಕೂರಲ್ಲ. ಹಳೇ ಗೀಟಿನ ಸ್ಕ್ರೂಗಳ ಮೇಲೆ ನಾಣ್ಯ ಹಾಕಿ ತಿರುಗಿಸಿದ ಗುರುತು ಹೊಳೀತಿತ್ತು, ಈಗ ಅದು ನಿಂತಿದೆ. ಇದಕ್ಕೆ ಬೇಕಾದ ಬಿಟ್, ಅಂದ್ರೆ ಸ್ಕ್ರೂಡ್ರೈವರ್ ತುದಿ, ಅಂಗಡೀಲಿ ಸಿಗುತ್ತೆ ನಿಜ, ಆದ್ರೆ ಐದು ನಿಮಿಷದ ಬ್ರೇಕ್‌ನಲ್ಲಿ ಕೈಗೆ ಬಂದಿದ್ದು ಕೀಳೋ ಮಕ್ಕಳು ಅಷ್ಟು ದೂರ ಹೋಗಲ್ಲ. ಬಿಗಿಯೋಕೆ ಮಾತ್ರ ಬರೋ, ಬಿಚ್ಚೋಕೆ ಬಾರದ ಒನ್‌ವೇ ಸ್ಕ್ರೂನ ಮಾತ್ರ ರಿಪೇರಿ ಬರೋ ಜಾಗಕ್ಕೆ ಹಾಕಬೇಡಿ, ನಾವು ಒಂದನ್ನ ಡ್ರಿಲ್ ಮಾಡಿ ತೆಗೀಬೇಕಾಯ್ತು.

ನಲ್ಲಿ ಪರವಾಗಿಲ್ಲ. ತೆರೆದಿಟ್ಟು ಹೋಗೋ ಕಾಟ ಪೂರ್ತಿ ತಪ್ಪಿದೆ, ಗಡಸು ನೀರಾದ್ರೆ ಒಳಗೆ ಸುಣ್ಣ ಕಟ್ಟಿ ಸಿಕ್ಕಿಹಾಕ್ಕೊಳುತ್ತೆ, ಚಿಕ್ಕ ಮಕ್ಕಳಿಗೆ ಒತ್ತೋಕೆ ಸ್ವಲ್ಪ ಗಟ್ಟಿ.

ಮಾರೋರು ಟಾಯ್ಲೆಟ್ ಒಳಗೇ ಕ್ಯಾಮೆರಾ ಹಾಕಿ ಅಂದ್ರು, ನಾನು ಸಾಧ್ಯವೇ ಇಲ್ಲ ಅಂದೆ. ಹೊರಗೆ ಕಾರಿಡಾರ್‌ನಲ್ಲಿ ಬಾಗಿಲ ಕಡೆಗೆ ಒಂದು ಸಾಕು. ಇನ್ನು ಕೆಲವರು ಕಳ್ಳತನ ಆಯ್ತು ಅಂತ ಟಾಯ್ಲೆಟ್‌ಗೇ ಬೀಗ ಹಾಕ್ತಾರೆ, ಅದಂತೂ ತೀರಾ ತಪ್ಪು, ಮಕ್ಕಳು ನೀರು ಕುಡಿಯೋದೇ ಬಿಡ್ತಾರೆ, ಮೂತ್ರ ತಡ್ಕೊಂಡು ಉರಿ, ಸೋಂಕು ಮಾಡ್ಕೋತಾರೆ. ಒಬ್ಬನ ತಪ್ಪಿಗೆ ಇಡೀ ಸ್ಕೂಲ್ ಯಾಕೆ ನರಳಬೇಕು?

ಡಿಸ್ಪೆನ್ಸರ್‌ಗೆ ಐದಕ್ಕೆ ನಾಲ್ಕು ಸ್ಟಾರ್, ಕೀಗೋಸ್ಕರ ಒಂದು ಕಟ್. ಕೊಂಡ್ರೆ ಆಂಕರ್ ಬೋಲ್ಟ್ ಬೇರೆ ತಗೊಳ್ಳಿ, ಬಾಕ್ಸ್‌ನಲ್ಲಿ ಬರೋ ಪ್ಲಾಸ್ಟಿಕ್ ಪ್ಲಗ್ ಬಿಸಾಕಿ, ಫಿಟ್ ಮಾಡುವಾಗ ನೀವೇ ಪಕ್ಕದಲ್ಲಿ ನಿಂತ್ಕೊಳ್ಳಿ.