ಚಿಕ್ಕ ಬಚ್ಚಲಲ್ಲಿ ಜಾಗ ಮಾಡುವುದು: ಅಂಟು ಶೆಲ್ಫ್, ಸ್ಟೀಲ್ ರ‍್ಯಾಕ್, ಕಲ್ಲು, ಗೂಡು

ಬಳ್ಳಾರಿಯ ಬಚ್ಚಲಲ್ಲಿ ಮೊದಲ ಹಕ್ಕು ಡ್ರಮ್ಮಿನದು. ಇಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಊರಿಗೆ ನೀರು ತುಂಗಭದ್ರಾ ಕಾಲುವೆಯಿಂದ ಬರಬೇಕು. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಅಲ್ಲೀಪುರದಂಥ ಕೆರೆಯಲ್ಲಿ ತುಂಬಿಟ್ಟ ನೀರೇ ಗತಿ. ಹಾಗಾಗಿ ಕೌಲ್ ಬಜಾರ್ ಕಡೆಯ ನಮ್ಮ ಬಾಡಿಗೆ ಮನೆಯಲ್ಲಿ 200 ಲೀಟರಿನ ನೀಲಿ ಡ್ರಮ್ ಒಂದು ಮೂಲೆ ಹಿಡಿದು ಕೂತಿದೆ. ಅದರ ಅಗಲವೇ ಹತ್ತಿರ ಹತ್ತಿರ ಎರಡು ಅಡಿ. ಬಚ್ಚಲು ಇರುವುದು 4 ಅಡಿಗೆ 6 ಅಡಿ. ಅದರೊಳಗೇ ಇಂಡಿಯನ್ ಪ್ಯಾನ್, ಬಕೆಟ್, ಅಮ್ಮ ಕೂತು ಸ್ನಾನ ಮಾಡುವ ಸ್ಟೂಲ್.

ಅಂದರೆ ನೆಲದ ಮೇಲೆ ಇಡುವ ಯಾವ ರ‍್ಯಾಕೂ ನಮಗಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಕಮೋಡಿನ ಮೇಲೆ ನಿಲ್ಲಿಸುವ ಮೂರು ಹಂತದ ಸ್ಟ್ಯಾಂಡ್ ತುಂಬಾ ಚೆಂದ ಕಾಣುತ್ತದೆ. ಕಮೋಡೇ ಇಲ್ಲದವರು ಅದನ್ನು ಎಲ್ಲಿ ನಿಲ್ಲಿಸಬೇಕು? ಉಳಿದದ್ದು ಗೋಡೆ, ಮೂಲೆ, ಬಾಗಿಲು, ತಲೆಯ ಮೇಲಿನ ಜಾಗ. ಇವುಗಳಲ್ಲಿ ಒಂದಷ್ಟನ್ನು ಈ ಮನೆಯಲ್ಲಿ ಬಳಸಿ ನೋಡಿದೆ. ಗೋಡೆ ಒಡೆಯುವ ಕೆಲಸವನ್ನು ಕುಷ್ಟಗಿ ಹತ್ತಿರದ ಅಪ್ಪನ ಮನೆಯಲ್ಲಿ ಮಾಡಿಸಿದೆ.

ಹೋಲಿಸುವ ಮುಂಚೆ ನೀರಿನ ವಿಷಯ ಹೇಳಲೇಬೇಕು. ನಲ್ಲಿ ನೀರು ಸಾಲದಾದಾಗ ಬೋರ್‌ವೆಲ್ ನೀರು. ಅದು ಸವುಳು. ಇಲ್ಲಿನ ಬಿಸಿಲಿಗೆ, ಒಣ ಗಾಳಿಗೆ ಗೋಡೆಯ ಮೇಲಿನ ನೀರು ನೋಡನೋಡುತ್ತಿದ್ದಂತೆ ಆರುತ್ತದೆ. ನೀರು ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಮಲೆನಾಡಿನವರಿಗೆ ಬಚ್ಚಲಲ್ಲಿ ಬೂಷ್ಟಿನ ಕಾಟ, ನಮಗೆ ಬಿಳಿ ಪೊರೆಯ ಕಾಟ. ಶೆಲ್ಫಿನಲ್ಲಿ ಸಂದುಗೊಂದು, ತೂತು, ತಂತಿ ಜಾಸ್ತಿ ಇದ್ದಷ್ಟೂ ಆ ಪೊರೆ ಕೂರಲು ಜಾಗ ಜಾಸ್ತಿ. ನಾನು ಎಲ್ಲವನ್ನೂ ಅಳೆದದ್ದು ಇದೇ ಲೆಕ್ಕದಲ್ಲಿ.

ಮೊದಲು ಅಗ್ಗದವು. ಒತ್ತಿದರೆ ಗೋಡೆಗೆ ಹಿಡಿಯುವ ರಬ್ಬರ್ ಕಪ್ಪಿನ ಶೆಲ್ಫ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಪ್ಪಿನೊಳಗಿನ ಗಾಳಿ ಹೊರಹೋದರೆ ಹೊರಗಿನ ಗಾಳಿ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ, ಅಷ್ಟೇ ಅದರ ಗುಟ್ಟು. ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಗಾಳಿ ಒಳಗೆ ನುಸುಳುತ್ತದೆ. ನಮ್ಮ ಟೈಲ್ಸ್ ಮೇಲೆ ಹೂವಿನ ಉಬ್ಬು ಡಿಸೈನ್ ಇದೆ, ಅದರ ಮೇಲೆ ಉಪ್ಪಿನ ಪೊರೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ಪಶ್ಚಿಮದ ಗೋಡೆ ಕಾದು ಕಪ್ಪೂ ಮೆತ್ತಗಾಗುತ್ತದೆ. ನಡುರಾತ್ರಿ ದಡ್ ಅಂತ ಬೀಳುವ ಶಾಂಪೂ ಬಾಟಲಿಗೆ ಮನೆಯವರೆಲ್ಲ ಎದ್ದು ಕೂರಬೇಕು. ನುಣುಪಾದ ಕನ್ನಡಿಗೆ ಅಂಟಿಸಿ ರೇಜರ್ ತೂಗುಹಾಕಲು ಸಾಕು, ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ಬೇಡ.

ಅಂಟಿಸುವ ಶೆಲ್ಫ್ ಹಾಗಲ್ಲ. ಸರಿಯಾಗಿ ಅಂಟಿಸಿದರೆ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಹೆಚ್ಚಿನವರು ಅಂಟಿಸಿದ ಕೂಡಲೇ ಬಾಟಲಿ ಜೋಡಿಸಿಬಿಡುತ್ತಾರೆ. ಒಳ್ಳೆಯ ಅಕ್ರಿಲಿಕ್ ಅಂಟಿನ ಟೇಪ್ ಮೊದಲ ಇಪ್ಪತ್ತು ನಿಮಿಷದಲ್ಲಿ ಅರ್ಧದಷ್ಟು ಮಾತ್ರ ಹಿಡಿಯುತ್ತದೆ. ಒಂದು ದಿನಕ್ಕೆ ನೂರಕ್ಕೆ ತೊಂಬತ್ತು, ಪೂರ್ತಿ ಬಲ ಬರಲು ಮೂರು ದಿನ ಬೇಕು. ಆ ಮೂರು ದಿನ ಶೆಲ್ಫ್ ಖಾಲಿ ಇರಬೇಕು. ಆ ಗೋಡೆಗೆ ನೀರೂ ಸಿಡಿಯಬಾರದು. ಸ್ನಾನ ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ಅದಕ್ಕೇ ನಾವು ಊರಿಗೆ ಹೊರಡುವ ದಿನ ಬೆಳಗ್ಗೆ ಅಂಟಿಸಿ, ಬಾಗಿಲು ಹಾಕಿಕೊಂಡು ಹೋದೆವು.

ಗೋಡೆ ತಯಾರಿ ಅದಕ್ಕಿಂತ ಮುಖ್ಯ. ಬಿಳಿ ಪೊರೆಯ ಮೇಲೆ ಅಂಟಿಸಿದರೆ ಟೇಪು ಹಿಡಿಯುವುದು ಪೊರೆಯನ್ನು, ಟೈಲ್ಸನ್ನಲ್ಲ. ಮೊದಲು ನಿಂಬೆಹಣ್ಣಿನ ಹೋಳಿನಿಂದ ಅಥವಾ ವಿನಿಗರ್‌ನಿಂದ ಉಜ್ಜಿ ಪೊರೆ ತೆಗೆಯಬೇಕು. ಆಮೇಲೆ ನೀರಿನಿಂದ ತೊಳೆದು, ಪೂರ್ತಿ ಆರಿಸಿ, ಕೊನೆಗೆ ಸ್ಪಿರಿಟ್‌ನಲ್ಲಿ ಒರೆಸಬೇಕು. ಸ್ಪಿರಿಟ್ ಬದಲು ಜೆಲ್ ಸ್ಯಾನಿಟೈಸರ್ ಬೇಡ, ಅದು ಆರಿದ ಮೇಲೂ ಜಿಗುಟು ಬಿಡುತ್ತದೆ. ಟೈಲ್ಸಿನ ಜಾಯಿಂಟ್ ಮೇಲೆ ಅಂಟಿನ ಪಟ್ಟಿ ಬರಬಾರದು. ಟೈಲ್ಸ್ ಮುಗಿದ ಮೇಲಿನ ಬಣ್ಣದ ಗೋಡೆಗೆ ಅಂಟಿಸುವ ಆಸೆಯೂ ಬೇಡ, ಬಣ್ಣದ ಸಮೇತ ಕಿತ್ತು ಬರುತ್ತದೆ. ಹಳೆಯ ಮನೆಗಳಲ್ಲಿ ಟೈಲ್ಸ್ ಎದೆಮಟ್ಟಕ್ಕೇ ನಿಂತಿರುವುದರಿಂದ ಈ ಶೆಲ್ಫಿಗೆ ಸಿಗುವ ಜಾಗವೂ ಕಡಿಮೆ.

ತಂತಿಯ ಬುಟ್ಟಿಯಂಥದ್ದು, ತೂತಿನ ತಟ್ಟೆಯಂಥದ್ದು, ಎರಡನ್ನೂ ಅಕ್ಕಪಕ್ಕ ಹಾಕಿದ್ದೆ. ತಂತಿಯದು ಬೇಗ ಬೆಳ್ಳಗಾಯಿತು. ಒಂದೊಂದು ತಂತಿಯನ್ನೂ ಹಲ್ಲುಜ್ಜುವ ಹಳೆ ಬ್ರಷ್ ಹಿಡಿದು ಉಜ್ಜುವ ಕೆಲಸ ಯಾರಿಗೆ ಬೇಕು? ತಟ್ಟೆಯದನ್ನು ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಮುಗಿಯಿತು. ಇದರ ಮೇಲೆ ಹಗುರ ಸಾಮಾನೇ ಇರಲಿ. ಒಂದು ಲೀಟರಿನ ಶಾಂಪೂ ಅಂದರೆ ಒಂದು ಕಿಲೋ, ಅಂಥ ಮೂರು ಸೇರಿದರೆ ಅಂಟಿಗೆ ಕಷ್ಟ. ಮನೆ ಬಿಡುವಾಗ ಎಳೆದು ಕೀಳಬೇಡಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಪಟ್ಟಿಯ ಹಿಂದೆ ಗಟ್ಟಿ ನೈಲಾನ್ ದಾರ ತೂರಿಸಿ ಗರಗಸದ ಹಾಗೆ ಎಳೆದಾಡಿದರೆ ಬಿಡುತ್ತದೆ. ಅಡ್ವಾನ್ಸ್ ಹಣ ವಾಪಸ್ ಬರಬೇಕಲ್ಲ.

ಡ್ರಿಲ್ ಹಾಕಿ ಸ್ಕ್ರೂ ಬಿಗಿಯುವ ಸ್ಟೀಲ್ ಮೂಲೆ ರ‍್ಯಾಕ್ ಬಲದಲ್ಲಿ ಇದಕ್ಕಿಂತ ಮೇಲು. ಮಾಲೀಕರು ಒಂದು ಮೂಲೆಗೆ ಒಪ್ಪಿಗೆ ಕೊಟ್ಟರು. ಇಲ್ಲಿ ನೋಡಬೇಕಾದದ್ದು ಸ್ಟೀಲಿನ ಜಾತಿ. 304 ನಂಬರಿನ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಅಗ್ಗದ 202 ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬುತ್ತಾರೆ. ಹೊಸದಿದ್ದಾಗ ಎರಡೂ ಒಂದೇ ಥರ ಫಳಫಳ. ಸವುಳು ನೀರಿಗೆ, ಬ್ಲೀಚಿಂಗ್ ಪುಡಿಗೆ 202 ಬೇಗ ಸೋಲುತ್ತದೆ, ವೆಲ್ಡಿಂಗ್ ಹತ್ತಿರ ಕಂದು ಚುಕ್ಕೆ ಏಳುತ್ತದೆ. ಅಂಗಡಿಯಲ್ಲಿ ಮ್ಯಾಗ್ನೆಟ್ ತಾಗಿಸಿ 'ನೋಡ್ರಿ, ಹಿಡಿಯಂಗಿಲ್ಲ, ಅಸಲಿ ಮಾಲು' ಅನ್ನುತ್ತಾರೆ. ಆ ಪರೀಕ್ಷೆಗೆ ಅರ್ಥವಿಲ್ಲ. 202 ಕೂಡ ಮ್ಯಾಗ್ನೆಟ್ ಹಿಡಿಯುವುದಿಲ್ಲ. ರ‍್ಯಾಕಿನ ಮೇಲೋ ಬಿಲ್ಲಿನಲ್ಲೋ 304 ಅಂತ ಬರೆದಿರಬೇಕು. ಎರಡಕ್ಕೂ ದರದಲ್ಲಿ ವ್ಯತ್ಯಾಸವಿದೆ, ಕೊಡುವುದಾದರೆ 304 ಕ್ಕೇ ಕೊಡಿ.

ಡ್ರಿಲ್ ಮಾಡಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಗುರುತಿನ ಮೇಲೆ ಪೇಪರ್ ಟೇಪ್ ಅಂಟಿಸಿದರೆ ಬಿಟ್ ಜಾರುವುದಿಲ್ಲ. ಟೈಲ್ಸ್ ದಾಟುವ ತನಕ ಡ್ರಿಲ್ಲಿನ ಹ್ಯಾಮರ್ (ಕುಟ್ಟುತ್ತಾ ಕೊರೆಯುವ) ಸ್ವಿಚ್ ಆಫ್ ಇರಬೇಕು, ಗೋಡೆ ಸಿಕ್ಕ ಮೇಲೆ ಆನ್. ನಲ್ಲಿಯ ನೇರ ಮೇಲೆ, ಅಥವಾ ಎರಡು ನಲ್ಲಿಗಳ ನಡುವೆ ಅಡ್ಡಸಾಲಿನಲ್ಲಿ ತೂತು ಬೇಡ, ಒಳಗೆ ಪೈಪ್ ಇರುತ್ತದೆ.

ಬಾಗಿಲ ಹಿಂದಿನ ಕೊಕ್ಕೆ ಪಟ್ಟಿ ಬಟ್ಟೆ, ಟವೆಲ್‌ಗೆ ಸರಿ. ನಮ್ಮದು ಒಳಗೆ ಟೊಳ್ಳಿರುವ ಪಿವಿಸಿ ಬಾಗಿಲು, ಭಾರ ಹಾಕಿದರೆ ಕೀಲು ಬಗ್ಗುತ್ತದೆ. ನೆಲದಿಂದ ಚಾವಣಿಗೆ ಬಿಗಿಯುವ ಕಂಬದ ರ‍್ಯಾಕನ್ನು ಅಳತೆ ನೋಡಿದ ಮೇಲೆ ಕೈಬಿಟ್ಟೆ. ಹಳೆಯ ಮನೆಯ ಎತ್ತರದ ಚಾವಣಿಗೆ ಅದು ಮುಟ್ಟುವುದೇ ಇಲ್ಲ. ಕನ್ನಡಿ ಇರುವ ಪೆಟ್ಟಿಗೆ ತರುವುದಾದರೆ ಪಿವಿಸಿಯದೇ ತನ್ನಿ. ಪಾರ್ಟಿಕಲ್ ಬೋರ್ಡಿನದು ನೀರು ಕುಡಿದು ಊದಿ ಬಾಗಿಲು ಮುಚ್ಚದ ಹಾಗಾಗುತ್ತದೆ.

ತಲೆಯ ಮೇಲಿನ ಜಾಗವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಎರಡು ಎಲ್ ಬ್ರಾಕೆಟ್, ಅದರ ಮೇಲೊಂದು ಪಿವಿಸಿ ಹಲಗೆ. ಅಜ್ಜಿಯ ಮನೆಯ ನಾಗಂದಿಗೆಯೇ ಇದು, ಬೇರೆ ಏನೂ ಅಲ್ಲ. ಅಷ್ಟು ಎತ್ತರಕ್ಕೆ ನೀರು ಸಿಡಿಯುವುದಿಲ್ಲ, ಹಾಗಾಗಿ ಪೊರೆಯೂ ಇಲ್ಲ. ಸೋಪಿನ ಹೊಸ ಪ್ಯಾಕು, ಟಿಶ್ಯೂ, ಪ್ಯಾಡ್, ಹೆಚ್ಚುವರಿ ಬ್ರಷ್ ಎಲ್ಲ ಅಲ್ಲಿ. ಜಾಗದ ಲೆಕ್ಕದಲ್ಲಿ ಬಾಡಿಗೆ ಮನೆಯಲ್ಲಿ ಗೆದ್ದದ್ದು ಇದೇ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಮೇಲೆ ಇಡಬಾರದು, ಕೈ ಜಾರಿದರೆ ಮುಖದ ಮೇಲೆ. ಅದರ ಹಬೆಗೆ ಸ್ಟೀಲೂ ತುಕ್ಕು ಹಿಡಿಯುತ್ತದೆ. ಬ್ಲೀಚಿಂಗ್ ಪುಡಿ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ನಮ್ಮಲ್ಲಿ ಆಸಿಡ್ ಹಿತ್ತಲಲ್ಲಿ, ಬೀಗದ ಡಬ್ಬಿಯಲ್ಲಿದೆ.

ಇನ್ನು ಅಪ್ಪನ ಮನೆ. ಅಲ್ಲಿ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುವುದಿತ್ತು, ಹಾಗಾಗಿ ಗೋಡೆಗೇ ಕೈ ಹಾಕಬಹುದಿತ್ತು. ಒಂದು ಗೋಡೆಯಲ್ಲಿ ಗೂಡು, ಎದುರಿನ ಮೂಲೆಯಲ್ಲಿ ಕಲ್ಲು, ಎರಡನ್ನೂ ಮಾಡಿಸಿದೆ.

ಗೂಡು ನೋಡಲು ಚೆಂದ, ಒಂದಿಂಚೂ ಹೊರಗೆ ಚಾಚುವುದಿಲ್ಲ, ಮೊಣಕೈಗೆ ತಾಗುವುದಿಲ್ಲ. ಆದರೆ ಎಲ್ಲ ಗೋಡೆಗೂ ಆಗದು. ನಾಲ್ಕೂವರೆ ಇಂಚಿನ ಅಡ್ಡಗೋಡೆಯಲ್ಲಿ ಕೊರೆದರೆ ಆ ಕಡೆ ಬೆಳಕು ಕಾಣುತ್ತದೆ. ಒಂಬತ್ತು ಇಂಚಿನ ಗೋಡೆ ಬೇಕು, ಅಗಲ ಒಂದು ಅಡಿಯೊಳಗಿದ್ದರೆ ಒಳ್ಳೆಯದು. ಒಳಗೆಲ್ಲ ವಾಟರ್‌ಪ್ರೂಫ್ ಬಳಿಯಬೇಕು, ತಳ ಹೊರಮುಖವಾಗಿ ಸ್ವಲ್ಪ ಇಳಿಜಾರಾಗಿರಬೇಕು. ಗೌಂಡಿಗೆ ಇದು ನಾಜೂಕಿನ ಕೆಲಸ, ಟೈಲ್ಸಿನ ಚೂರು ಕತ್ತರಿಸಿ ಕೂರಿಸುವುದರಲ್ಲೇ ಅರ್ಧ ದಿನ ಹೋಯಿತು. ಕೂಲಿ ಜಾಸ್ತಿ. ಉಪ್ಪು ನೀರಿನ ಕಣ್ಣಿಂದ ನೋಡಿದರೆ ಒಳಮೂಲೆಗಳೆಲ್ಲ ಬಟ್ಟೆಗೆ ಸಿಗದ ಜಾಗ.

ಮೂಲೆ ಕಲ್ಲು ಅದರ ಮುಂದೆ ಸಾದಾ. ಗ್ರಾನೈಟಿನ ತ್ರಿಕೋನ ತುಂಡು, ಎರಡು ಬದಿ ಒಂದೊಂದು ಅಡಿ, ಮುಂದಿನ ಅಂಚು ಪಾಲಿಶ್. ಟೈಲ್ಸ್ ಹಾಕುವಾಗಲೇ ಎರಡೂ ಗೋಡೆಯೊಳಗೆ ಸ್ವಲ್ಪ ಸ್ವಲ್ಪ ತೂರಿಸಿ ಸಿಮೆಂಟಿನಲ್ಲಿ ಕೂರಿಸಿದರೆ ಮುಗಿಯಿತು. ಕುಷ್ಟಗಿ, ಇಳಕಲ್ ಕಡೆ ಗ್ರಾನೈಟಿಗೆ ಬರವೇ? ಕಟಿಂಗ್ ಅಂಗಡಿಯ ಹಿಂದೆ ಬಿದ್ದ ಚೂರುಗಳಲ್ಲೇ ಆರಿಸಿಕೊಂಡೆವು. ಅಂಚು ತೀಡಿದ ಕೂಲಿ ಬಿಟ್ಟರೆ ಖರ್ಚೇ ಇಲ್ಲ ಅನ್ನಬೇಕು. ತುಕ್ಕಿಲ್ಲ, ಅಂಟಿಲ್ಲ, ತೂತಿಲ್ಲ. ಐದು ಲೀಟರಿನ ಫಿನೈಲ್ ಕ್ಯಾನ್ ಇಟ್ಟರೂ ಅಲುಗುವುದಿಲ್ಲ.

ಕಡಪ ಕಲ್ಲು ಇನ್ನೂ ಅಗ್ಗ, ಕಪ್ಪಗೆ ಲಕ್ಷಣವಾಗಿಯೂ ಇರುತ್ತದೆ, ಅದನ್ನೇ ಹಾಕೋಣ ಅಂತ ಗೌಂಡಿ ಹೇಳಿದ. ಅಡುಗೆಮನೆಯ ಕಪಾಟಿಗೆ ನಾನೂ ಅದನ್ನೇ ಹಾಕಿಸುತ್ತೇನೆ. ಬಚ್ಚಲಿಗೆ ಬೇಡ. ಕಡಪವೂ ಶಹಾಬಾದ್ ಪರಸಿಯೂ ಸುಣ್ಣಕಲ್ಲಿನ ಜಾತಿ. ಉಪ್ಪಿನ ಪೊರೆ ತೆಗೆಯಲು ನಾವು ನಿಂಬೆ, ವಿನಿಗರ್, ಆಸಿಡ್ ಹಾಕುತ್ತೇವೆ. ಆ ಪೊರೆಯಲ್ಲಿರುವುದೂ ಸುಣ್ಣ, ಕಲ್ಲೂ ಸುಣ್ಣ. ಹುಳಿ ಎರಡನ್ನೂ ತಿನ್ನುತ್ತದೆ, ಕಲ್ಲಿನ ಹೊಳಪು ಹೋಗಿ ಬೂದು ಕಲೆ ಉಳಿಯುತ್ತದೆ. ಗ್ರಾನೈಟಿಗೆ ನಿಂಬೆ, ವಿನಿಗರ್ ಏನೂ ಮಾಡುವುದಿಲ್ಲ.

ಹಾಗಾಗಿ ಸ್ವಂತ ಮನೆಯವರಿಗೆ ನನ್ನ ಓಟು ಗ್ರಾನೈಟ್ ಮೂಲೆಗೆ, ಗೂಡಿಗಲ್ಲ. ಬಾಡಿಗೆಯವರಿಗೆ ಬಾಗಿಲ ಮೇಲಿನ ಹಲಗೆ, ದಿನಬಳಕೆಯ ಹಗುರ ಸಾಮಾನಿಗೆ ತಟ್ಟೆಯಂಥ ಅಂಟು ಶೆಲ್ಫ್. ಮಾಲೀಕರು ಒಳ್ಳೆಯವರಾದರೆ 304 ರ‍್ಯಾಕ್.

ಕಲ್ಲು ಹಾಕಿಸುವವರು ಎತ್ತರವನ್ನು ಗೌಂಡಿಗೆ ಬಿಡಬೇಡಿ. ಅವರು ನಿಂತು ಸ್ನಾನ ಮಾಡುವವರ ಲೆಕ್ಕದಲ್ಲಿ ನಾಲ್ಕು ಅಡಿಗೆ ಗುರುತು ಹಾಕುತ್ತಾರೆ. ಸ್ಟೂಲ್ ಮೇಲೆ ಕೂತು ತಂಬಿಗೆಯಲ್ಲಿ ನೀರು ಹುಯ್ದುಕೊಳ್ಳುವ ಹಿರಿಯರಿಗೆ ಅದು ಎಟಕುವುದಿಲ್ಲ, ಸೋಪಿಗಾಗಿ ಒದ್ದೆ ನೆಲದ ಮೇಲೆ ಎದ್ದು ನಿಲ್ಲಬೇಕಾಗುತ್ತದೆ. ನಾವು ಕೆಳಗಿನ ಕಲ್ಲನ್ನು ಎರಡು ಅಡಿಗೆ ಹಾಕಿಸಿ, ಸೋಪು, ಸೀಗೆಕಾಯಿ ಡಬ್ಬಿಗೆ ಬಿಟ್ಟೆವು. ನಾಲ್ಕು ಅಡಿಯದು ಉಳಿದವರಿಗೆ.