ಎರಡು ನೇರಳೆ ಕಾಮಕಸ್ತೂರಿ, ಒಂದು ಮಳೆಗಾಲ

ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿರುವ ನಮ್ಮ ಹಿತ್ತಲು ದೊಡ್ಡದೇನಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎಂಟು ಕುಂಡ, ಅಷ್ಟೇ. ಅದರಲ್ಲೇ ಎರಡು ಬಗೆಯ ನೇರಳೆ ಕಾಮಕಸ್ತೂರಿ ಬೆಳೆಸಿ ಒಂದೂವರೆ ವರ್ಷವಾಯಿತು. ಒಂದು ಡಾರ್ಕ್ ಓಪಲ್, ಬೀಜ ಹಾಕಿ ಬೆಳೆಸುವ ಒಂದೇ ವರ್ಷದ ಗಿಡ. ಇನ್ನೊಂದು ಆಫ್ರಿಕನ್ ಬ್ಲೂ, ವರ್ಷಗಟ್ಟಲೆ ಬಾಳುವಂಥದ್ದು.

ಆಫ್ರಿಕನ್ ಬ್ಲೂ ವಿಷಯದಲ್ಲಿ ಮೊದಲು ಮೋಸ ಹೋದೆ. ಆನ್‌ಲೈನಿನಲ್ಲಿ ಅದರ ಬೀಜ ಅಂತ ತರಿಸಿದರೆ, ಮೊಳೆತದ್ದೆಲ್ಲ ಮಾಮೂಲಿ ಹಸಿರು ಕಾಮಕಸ್ತೂರಿ! ಈ ಗಿಡಕ್ಕೆ ಬೀಜವೇ ಕಟ್ಟುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದ ಒಹಾಯೋದ ಒಂದು ನರ್ಸರಿಯಲ್ಲಿ 1983ರಲ್ಲಿ ತಾನಾಗೇ ಹುಟ್ಟಿದ ಬೆರಕೆ ಇದು. ಹುಟ್ಟಿದ್ದು ಪೂರ್ವ ಆಫ್ರಿಕದ ಕರ್ಪೂರ ತುಳಸಿ ಮತ್ತು ಇದೇ ಡಾರ್ಕ್ ಓಪಲ್‌ನಿಂದ. ಅಂದರೆ ನನ್ನ ಕುಂಡಗಳಲ್ಲಿ ಇದ್ದದ್ದು ತಾಯಿ ಮಗು ಇದ್ದ ಹಾಗೆ. ಕೊನೆಗೆ ಮೂಡಿಗೆರೆ ಕಡೆಯ ನೆಂಟರ ಮನೆಯಿಂದ ಗೇಣುದ್ದದ ಎರಡು ಕಡ್ಡಿ ತಂದೆ. ಕೆಳಗಿನ ಎಲೆ ಕಿತ್ತು, ನೀರಿನ ಲೋಟದಲ್ಲಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟೆ. ಹತ್ತು ದಿನಕ್ಕೆ ಬಿಳಿ ಬೇರು ಬಂತು.

ಆರಿದ್ರಾ ಮಳೆ ಹಿಡಿದಾಗ ಇಬ್ಬರ ಬಣ್ಣವೂ ಬಯಲಾಯಿತು. ಡಾರ್ಕ್ ಓಪಲ್ ಅನ್ನು ಸೂರಿನ ಕೆಳಗೆ ಎಳೆದಿಟ್ಟರೂ ಪ್ರಯೋಜನವಾಗಲಿಲ್ಲ. ಎಲೆಯ ಅಡಿಯಲ್ಲಿ ಬೂದು ಬಣ್ಣದ ಬೂಜು. ಪುನರ್ವಸು ಮುಗಿಯುವಷ್ಟರಲ್ಲಿ ಬರೀ ಕಡ್ಡಿ ಉಳಿಯಿತು. ಆಫ್ರಿಕನ್ ಬ್ಲೂಗೆ ಬೂಜು ಹತ್ತಲಿಲ್ಲ, ಆದರೆ ಬಿಸಿಲಿಲ್ಲದೆ ಎಲೆ ಹಸಿರಾಯಿತು. ಕಾಂಡ, ಎಲೆಯಡಿಯ ನರ ಮಾತ್ರ ನೇರಳೆ. ಒಮ್ಮೆ ಕುಂಡದ ತೂತು ಕಟ್ಟಿಕೊಂಡು ನೀರು ನಿಂತಿತ್ತು. ನಾನೇ ನೋಡಿರಲಿಲ್ಲ. ಮಣ್ಣಿಗೆ ಮರಳು ಬೆರೆಸಿ ಬೇರೆ ಕುಂಡಕ್ಕೆ ಹಾಕಿದ ಮೇಲೆ ಚೇತರಿಸಿಕೊಂಡಿತು. ಈಗ ಎದೆಮಟ್ಟ ಬೆಳೆದಿದೆ.

ಬೀಜದ ತಾಪತ್ರಯ ಇಲ್ಲವಲ್ಲ, ಆಫ್ರಿಕನ್ ಬ್ಲೂ ಹೂ ಬಿಡುವುದನ್ನು ನಿಲ್ಲಿಸುವುದೇ ಇಲ್ಲ. ಡಾರ್ಕ್ ಓಪಲ್‌ನ ಕದಿರು ಚಿವುಟದಿದ್ದರೆ ಎಲೆ ಬರುವುದು ಕಡಿಮೆಯಾಗುತ್ತದೆ. ಇದರ ಕದಿರನ್ನು ನಾನು ಸುಮ್ನೆ ಬಿಟ್ಟುಬಿಡುತ್ತೇನೆ. ಕಾಫಿ ಹೂವಿನ ವಾರ ಮುಗಿದ ಮೇಲೂ ತುಡುವೆ ಜೇನು ಬೆಳಿಗ್ಗೆಯಿಂದಲೇ ಹಾಜರ್.

ಅಡುಗೆಮನೆಯಲ್ಲಿ ಮಾತ್ರ ಲೆಕ್ಕ ಉಲ್ಟಾ. ಆಫ್ರಿಕನ್ ಬ್ಲೂ ಎಲೆ ಹಾಕಿ ತಂಬುಳಿ ಮಾಡಿದ ದಿನ ನಮ್ಮತ್ತೆ ಒಂದು ತುತ್ತು ತಿಂದು, "ಮಂಗಳಾರತಿ ತಟ್ಟೆ ನೆಕ್ಕಿದ ಹಾಗಿದೆ" ಅಂದರು. ತಪ್ಪೇನಿಲ್ಲ, ಅಷ್ಟು ಕರ್ಪೂರ. ಮೆಣಸು, ಬೆಲ್ಲದ ಕಷಾಯಕ್ಕೆ ಎರಡೇ ಎಲೆ ಹಾಕಿದರೆ ಸರಿ, ಅದಕ್ಕಿಂತ ಜಾಸ್ತಿ ಬೇಡ. ತಂಬುಳಿಗೆ ಡಾರ್ಕ್ ಓಪಲ್ಲೇ ಆಗಬೇಕು. ತುಪ್ಪದಲ್ಲಿ ಬಾಡಿಸಿದರೆ ಎಲೆ ಕಪ್ಪಾಗುತ್ತದೆ, ರುಚಿಗೇನೂ ಕಡಿಮೆಯಿಲ್ಲ. ನನಗೆ ಇಷ್ಟ ಇದರ ಶರಬತ್ತು. ಹತ್ತು ಎಲೆ ಜಜ್ಜಿ ಬಿಸಿನೀರಿಗೆ ಹಾಕಿ ಆರಲು ಬಿಡಿ. ನೀರು ಮಂಕು ನೇರಳೆಯಾಗುತ್ತದೆ. ಅದಕ್ಕೆ ಅರ್ಧ ಹೋಳು ನಿಂಬೆ ಹಿಂಡಿದರೆ ಲೋಟ ನೋಡನೋಡುತ್ತಾ ಗುಲಾಬಿಗೆ ತಿರುಗುತ್ತದೆ. ನೆಂಟರ ಮಕ್ಕಳು ಬಂದಾಗಲೆಲ್ಲ ಇದೇ ಆಟ, ನಿಂಬೆ ಹಿಂಡೋಕೆ ಜಗಳ ಬೇರೆ.

ಡಾರ್ಕ್ ಓಪಲ್ ಬೀಜ ಈ ಸಲ ದೀಪಾವಳಿ ಕಳೆದ ಮೇಲೆ ಹಾಕುತ್ತೇನೆ. ಮುಂಗಾರು ಬರುವವರೆಗೆ ತಿಂದು ಮುಗಿಸಬೇಕು. ಆಫ್ರಿಕನ್ ಬ್ಲೂ ಇರುವಲ್ಲೇ ಇರುತ್ತದೆ, ಕಿಟಕಿಯ ಲೋಟದಲ್ಲಿ ಮಾತ್ರ ಇನ್ನೆರಡು ಕಡ್ಡಿ ಬೇರು ಬಿಡುತ್ತಿವೆ. ಎದುರು ಮನೆಯವರಿಗೆ.